ಟ್ಯಾನ್ ಗೊತ್ತಿಲ್ಲದ ಸೆಟ್ಟರ್: ಭೋಸರಿಯ ಒಂದು ಪ್ರಕರಣ

ಪುಣೆಯ ಭೋಸರಿಯಲ್ಲಿ ನಾನು ಹದಿನೈದು ವರ್ಷ ಒಂದು ಟರ್ನಿಂಗ್ ಶಾಪಿನಲ್ಲಿ ಪ್ರೊಡಕ್ಷನ್ ನೋಡಿಕೊಳ್ಳುತ್ತಿದ್ದೆ. ಶಾಪಿನ ಹೆಸರು ಬೇಡ. ಲೇತ್ ಅಂದರೆ ಲೋಹದ ತುಂಡನ್ನು ತಿರುಗಿಸಿ ಕಡಿಯುವ ಮಷೀನ್, ಸಿಎನ್‌ಸಿ ಅಂದರೆ ಕಂಪ್ಯೂಟರ್ ಪ್ರೋಗ್ರಾಮಿನಿಂದ ಓಡುವಂಥದ್ದು. ಹನ್ನೊಂದು ಸಿಎನ್‌ಸಿ ಲೇತ್, ಎರಡು ಹಳೇ ಸಾದಾ ಲೇತ್, ಮೂರು ಶಿಫ್ಟ್. ಗಾಡಿಗಳಿಗೂ ಹೈಡ್ರಾಲಿಕ್ ಪಂಪುಗಳಿಗೂ ಸಣ್ಣ ಸಣ್ಣ ಬಿಡಿಭಾಗ ಮಾಡುತ್ತಿದ್ದೆವು. ಇಲ್ಲಿ ಬರೆಯುತ್ತಿರೋದು ಅಲ್ಲಿದ್ದ ಒಬ್ಬ ಹುಡುಗನ ಬಗ್ಗೆ. ಅವನ ಹೆಸರೂ ಬೇಡ. ಊರಿಗೆ ಹೋಗಿ ಬಂದಾಗಲೆಲ್ಲ ಒಂದು ಚೀಲ ನಿಂಬೆಹಣ್ಣು ತಂದು ಎಲ್ಲರಿಗೂ ಹಂಚುತ್ತಿದ್ದ. ಹಾಗಾಗಿ ಮರಾಠಿ ಹುಡುಗರು ಅವನಿಗೆ ‘ಲಿಂಬು’ ಅಂತ ಹೆಸರಿಟ್ಟಿದ್ದರು. ನಾನೂ ಹಾಗೇ ಕರೆಯುತ್ತೇನೆ.

ಅವನನ್ನು ಮೊದಲು ನೋಡಿದ್ದು ಸೆಟ್ಟರ್ ಕೆಲಸದ ಇಂಟರ್‌ವ್ಯೂನಲ್ಲಿ. ಆಪರೇಟರ್ ಅಂದರೆ ಜಾಬ್ (ಕಡಿಯಬೇಕಾದ ತುಂಡು) ಹಾಕಿ, ಬಟನ್ ಒತ್ತಿ, ಅಳತೆ ನೋಡುವವನು. ಸೆಟ್ಟರ್ ಅಂದರೆ ಮಷೀನನ್ನೇ ಹೊಸ ಜಾಬಿಗೆ ತಯಾರು ಮಾಡುವವನು. ಟೂಲ್ ಕಟ್ಟಬೇಕು, ಆಫ್‌ಸೆಟ್ (ಟೂಲಿನ ತುದಿ ಎಲ್ಲಿದೆ ಅಂತ ಮಷೀನಿಗೆ ಹೇಳುವ ಅಳತೆ) ತೆಗೆಯಬೇಕು, ಪ್ರೋಗ್ರಾಮ್ ಓದಬೇಕು. ನಾನು ಒಂದು ಕಾಗದದ ಮೇಲೆ ಟೇಪರ್, ಅಂದರೆ ಓರೆಯಾಗಿ ಸಣ್ಣದಾಗುತ್ತಾ ಹೋಗುವ ಮೈ, ಬರೆದೆ. ಒಂದು ಕಡೆ ವ್ಯಾಸ 40, ಇನ್ನೊಂದು ಕಡೆ 30, ಉದ್ದ 25. “ಕೋನ ಎಷ್ಟು?” ಅಂತ ಕೇಳಿದೆ.

ಅವನು ಕಾಗದ ನೋಡಿದ. ನನ್ನ ಮುಖ ನೋಡಿದ. “ಗೊತ್ತಿಲ್ಲರಿ ಸರ. ಮಷೀನ್ ಕೊಡ್ರಿ, ಮಾಡಿ ತೋರಸ್ತೀನಿ.”

“ಟ್ಯಾನ್ ಅಂದ್ರೆ ಗೊತ್ತಾ?”

“ಇಲ್ಲರಿ.”

ಟ್ಯಾನ್ ಅಂದರೆ ತ್ರಿಕೋನದ ಬದಿಗಳಿಂದ ಕೋನ ತೆಗೆಯುವ ಲೆಕ್ಕ. ಫಾರ್ಮಿನ ಮೇಲೆ ‘ಬೇಸಿಕ್ಸ್ ವೀಕ್’ ಅಂತ ಬರೆದೆ. ಕನ್ನಡದವನು ಅಂತ ಸ್ವಲ್ಪ ಕರುಣೆ ತೋರಿಸಿ ಆಪರೇಟರ್ ಆಗಿ ತೆಗೆದುಕೊಂಡೆ. ಸೆಟ್ಟರ್ ಸಂಬಳಕ್ಕಿಂತ ತಿಂಗಳಿಗೆ ಮೂರೂವರೆ ಸಾವಿರ ಕಡಿಮೆ.

ಆ ಪ್ರಶ್ನೆಯ ಬಗ್ಗೆ ಈಗಲೇ ಒಂದು ಮಾತು ಹೇಳಿಬಿಡುತ್ತೇನೆ. ಸಿಎನ್‌ಸಿ ಲೇತಿನಲ್ಲಿ ಟೇಪರ್ ಕಡಿಯೋಕೆ ಕೋನ ಬೇಕಾಗಿಯೇ ಇಲ್ಲ. ಎಲ್ಲಿಂದ ಶುರು, ಎಲ್ಲಿಗೆ ಕೊನೆ ಅಂತ ಎರಡು ಬಿಂದು ಕೊಟ್ಟರೆ ಸಾಕು. ಜಿ01 (ನೇರ ಗೆರೆಯಲ್ಲಿ ಕಡಿ ಅನ್ನೋ ಆಜ್ಞೆ) ಅಂತ ಬರೆದು ಎಕ್ಸ್ (ವ್ಯಾಸ) 40, ಝಡ್ (ಉದ್ದ) ಮೈನಸ್ 25 ಅಂದರೆ ಮಷೀನೇ ಓರೆಯಾಗಿ ಹೋಗುತ್ತೆ. ಅಂದರೆ ಕೆಲಸಕ್ಕೆ ಬೇಕಾದದ್ದನ್ನು ನಾನು ಕೇಳಲಿಲ್ಲ. ನಾನು ಪಾಲಿಟೆಕ್ನಿಕ್‌ನಲ್ಲಿ ಓದಿದ್ದನ್ನು ಕೇಳಿದೆ. ಇದು ನನಗೆ ಹೊಳೆದದ್ದು ಎರಡು ವರ್ಷ ಆದ ಮೇಲೆ.

ಎಲ್ಲಿಂದ ಬಂದ

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಹಳ್ಳಿ. ಮನೆಯಲ್ಲಿ ಎರಡೆಕರೆ, ಅದರಲ್ಲಿ ನಿಂಬೆ ಗಿಡ. ನೀರಿದ್ದ ವರ್ಷ ಕಾಯಿ, ಇಲ್ಲದ ವರ್ಷ ಸಾಲ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತಕ್ಕೆ 28 ಬಂತು, ಪಾಸಾಗಲು ಆಗ 35 ಬೇಕಿತ್ತು. ಮಿಕ್ಕ ವಿಷಯ ಎಲ್ಲ ಪಾಸ್. ಮತ್ತೆ ಕಟ್ಟೋಣ ಅಂದುಕೊಂಡಿದ್ದನಂತೆ. ಆ ಬೇಸಿಗೆ ಸೋದರಮಾವ ಊರಿಗೆ ಬಂದವರು, “ಬಾ, ಸುಮ್ನೆ ಯಾಕ ಕೂಡ್ತಿ” ಅಂತ ಸೊಲ್ಲಾಪುರದ ಬಸ್ ಹತ್ತಿಸಿದರು. ಸೊಲ್ಲಾಪುರದಿಂದ ಪುಣೆ. ಭೋಸರಿಯಲ್ಲಿ ಹೀಗೆ ಬಂದವರು ಬೇಕಾದಷ್ಟು ಜನ ಸಿಗುತ್ತಾರೆ. ವಿಜಯಪುರ, ಕಲಬುರಗಿ, ಬೀದರ್ ಕಡೆಯವರು. ಊರಿಂದ ಬೆಂಗಳೂರಿಗಿಂತ ಪುಣೆ ಹತ್ತಿರ. ಮಾವನೋ ಅಣ್ಣನೋ ಇಲ್ಲಿ ಮೊದಲೇ ಇರುತ್ತಾರೆ.

ಮೊದಲ ಕೆಲಸ ಹೆಲ್ಪರ್. ಕಬ್ಬಿಣದ ಸಿಪ್ಪೆ ಬಾಚುವುದು, ಕೂಲಂಟ್ ತುಂಬುವುದು, ಬಾರ್ ಎತ್ತಿಕೊಡುವುದು. ಆ ಸಣ್ಣ ಶಾಪಿನಲ್ಲಿ ಒಂದು ಹಳೇ ಕಿರ್ಲೋಸ್ಕರ್ ಲೇತ್ ಇತ್ತಂತೆ. ಅದರ ಪಟ್ಟಿಯ ಮೇಲೆ ಹರಿಹರ ಅಂತ ಊರಿನ ಹೆಸರು. ಒಂದೊಂದೇ ಅಕ್ಷರ ಕೂಡಿಸಿ ಓದಿದನಂತೆ. “ನಮ್ಮ ಕಡೀದ ಮಷೀನ್ ಐತಿ ಅಂತ ಭಾಳ ಖುಷಿ ಆತ್ರಿ” ಅಂದ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹರಿಹರದಲ್ಲಿ 1941ರಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇತ್ ಕೊಟ್ಟಿತ್ತು. ಆ ಕಾರ್ಖಾನೆ ನಿಂತು ಎಷ್ಟೋ ವರ್ಷ ಆಯ್ತು. ಲೇತುಗಳು ಇನ್ನೂ ತಿರುಗುತ್ತಲೇ ಇವೆ.

ಆ ಶಾಪಿನ ಮರಾಠಿ ಸೆಟ್ಟರ್ ಒಬ್ಬರು, ವಯಸ್ಸಾದವರು, ರಾತ್ರಿ ಪಾಳಿಯಲ್ಲಿ ಇವನಿಗೆ ಕಲಿಸಿದರು. ಕಲಿಸಿದರು ಅನ್ನೋದಕ್ಕಿಂತ ನೋಡೋಕೆ ಬಿಟ್ಟರು. ಸಿಎನ್‌ಸಿ ಮಷೀನಿನಲ್ಲಿ ಸಿಂಗಲ್ ಬ್ಲಾಕ್ ಅಂತ ಒಂದು ಸ್ವಿಚ್ ಇದೆ. ಹಾಕಿದರೆ ಪ್ರೋಗ್ರಾಮಿನ ಒಂದು ಸಾಲು ಓಡಿ ನಿಲ್ಲುತ್ತೆ. ಮತ್ತೆ ಒತ್ತಿದರೆ ಇನ್ನೊಂದು ಸಾಲು. ಲಿಂಬು ರಾತ್ರಿಯೆಲ್ಲ ಹೀಗೆ ಒಂದೊಂದು ಸಾಲು ಓಡಿಸಿ, ಟೂಲ್ ಏನು ಮಾಡಿತು ಅಂತ ನೋಡಿ, ವಹಿಯಲ್ಲಿ ಬರೆದುಕೊಂಡ. ಆ ವಹಿ ಆಮೇಲೆ ನನ್ನ ಕೈಗೆ ಬಂತು. ಮೊದಲ ಪುಟ ಹೀಗಿದೆ:

ಜಿ00: ಖಾಲಿ ಓಡು.
ಜಿ01: ಕಡೀತಾ ಹೋಗು.
ಜಿ02: ತಗ್ಗು.
ಜಿ03: ಉಬ್ಬು.
ಎಂ03: ಚಕ್ ತಿರಗ್.
ಎಂ08: ನೀರು.
ಎಂ30: ಮುಗೀತು, ಮನಿಗಿ.

ಜಿ02, ಜಿ03 ನೋಡಿ. ಮ್ಯಾನ್ಯುಯಲ್‌ನಲ್ಲಿ ಜಿ02 ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತು, ಜಿ03 ಅಂದರೆ ಉಲ್ಟಾ ಸುತ್ತು ಅಂತ ಇರುತ್ತೆ. ಆದರೆ ಯಾವ ಕಡೆಯಿಂದ ನೋಡಿದರೆ ಗಡಿಯಾರ? ಟೂಲ್ ಹಿಂದಿದೆಯೋ ಮುಂದಿದೆಯೋ? ಡಿಪ್ಲೊಮಾ ಮುಗಿಸಿ ಬಂದ ಹುಡುಗರು ಇಲ್ಲೇ ಎಡವುತ್ತಾರೆ. ನಾನೂ ಎಡವಿದ್ದೆ. ನಮ್ಮ ಮಷೀನುಗಳಲ್ಲಿ ಹೊರಮೈ ಕಡಿಯುತ್ತಾ ಚಕ್ (ಜಾಬ್ ಹಿಡಿದು ತಿರುಗಿಸುವ ಭಾಗ) ಕಡೆಗೆ ಹೋಗುವಾಗ ಜಿ03 ಹಾಕಿದರೆ ಮೂಲೆ ಉಬ್ಬಿ ದುಂಡಾಗುತ್ತೆ, ಜಿ02 ಹಾಕಿದರೆ ಒಳಗೆ ತಗ್ಗಾಗುತ್ತೆ. ಲಿಂಬು ಗಡಿಯಾರವನ್ನೇ ತೆಗೆದು ಬಿಸಾಕಿದ್ದ. ತಗ್ಗು, ಉಬ್ಬು. ಇದಕ್ಕಿಂತ ಒಳ್ಳೆ ವಿವರಣೆ ನಾನು ಇವತ್ತಿಗೂ ಕಂಡಿಲ್ಲ.

ಇವನನ್ನು ‘ತಾನೇ ಕಲಿತವನು’ ಅಂತ ಕರೆಯಬಹುದಾ? ಪೂರ್ತಿ ಹಾಗಲ್ಲ. ಆ ಮರಾಠಿ ಅಜ್ಜ ಇಲ್ಲದಿದ್ದರೆ ಆ ಸ್ವಿಚ್ ಮುಟ್ಟೋಕೂ ಯಾರೂ ಬಿಡುತ್ತಿರಲಿಲ್ಲ. ಆದರೆ ಅಜ್ಜ ಒಂದು ತಪ್ಪು ಪಾಠವನ್ನೂ ಕೊಟ್ಟಿದ್ದರು. ಆಫ್‌ಸೆಟ್ ಪುಟದಲ್ಲಿ ನಾಲ್ಕು ಕಾಲಂ ಇರುತ್ತವೆ: ಎಕ್ಸ್, ಝಡ್, ಆರ್, ಟಿ. “ಎಕ್ಸ್, ಝಡ್ ನಮ್ಮವು. ಆರ್, ಟಿ ಮುಟ್ಟಬೇಡ” ಅಂದಿದ್ದರಂತೆ. ಯಾಕೆ ಅಂತ ಇವನು ಕೇಳಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಅಂತ ನನ್ನ ಊಹೆ.

ಆ ರಾತ್ರಿ ಮತ್ತು ಮರುದಿನ

ಪ್ರಕರಣ ಶುರುವಾಗೋದು ಒಂದು ವಾಲ್ವಿನ ಭಾಗದಿಂದ. ನಾನೂರು ಪೀಸ್ ಆರ್ಡರ್. ಅದರ ಒಂದು ತುದಿಯಲ್ಲಿ 30 ಡಿಗ್ರಿ ಓರೆಯ ಕೋನ್, ಎಣ್ಣೆ ಸೋರದಂತೆ ಕೂರುವ ಜಾಗ. ನೇರ ವ್ಯಾಸಗಳೆಲ್ಲ ಮೈಕ್ರೋಮೀಟರಿಗೆ ಸರಿ. ಉದ್ದ ಸರಿ. ಕೋನ್ ಮಾತ್ರ ಕೆಟ್ಟಿತು. ಗೇಜ್ (ಅಳತೆ ಸರಿಯಿದೆಯಾ ಅಂತ ನೋಡುವ ಅಚ್ಚು) ಹಾಕಿದರೆ ಅರ್ಧ ಮಿಲಿಮೀಟರಿಗಿಂತ ಜಾಸ್ತಿ ಹೊರಗೇ ನಿಂತುಬಿಡುತ್ತಿತ್ತು. ಅಂದರೆ ಲೋಹ ಜಾಸ್ತಿ ಉಳಿದಿದೆ. ನಮ್ಮ ಪ್ರೋಗ್ರಾಮರ್ ಡಿಪ್ಲೊಮಾ ಓದಿದ ಹುಡುಗ, ಬುದ್ಧಿವಂತ. ಇನ್ಸರ್ಟ್ (ಟೂಲಿನ ತುದಿಯಲ್ಲಿ ಕಡಿಯುವ ಚೂರು) ಬದಲಿಸಿದ, ಚಕ್ ಬಿಚ್ಚಿ ನೋಡಿದ, ಪ್ರೋಗ್ರಾಮನ್ನು ಮೂರು ಸಲ ಓದಿದ. ಎಲ್ಲ ಸರಿಯಾಗೇ ಇತ್ತು. ಟೂಲಿನ ಝಡ್ ಆಫ್‌ಸೆಟ್ ಬದಲಿಸೋಣ ಅಂದರೆ ಕೋನ್ ಸರಿಯಾಗುತ್ತೆ, ಉದ್ದ ಕೆಡುತ್ತೆ. ಎರಡನ್ನೂ ಅದೇ ಟೂಲ್ ಕಡಿಯೋದು. ಸಂಜೆ ಆರಕ್ಕೆ ಕೈಚೆಲ್ಲಿ ಮನೆಗೆ ಹೋದ.

ಸೆಕೆಂಡ್ ಶಿಫ್ಟಿಗೆ ಲಿಂಬು ಬಂದ. ಪ್ರೋಗ್ರಾಮಿನಲ್ಲಿ ಕೋನಿನ ಎರಡು ಬಿಂದುಗಳ ಝಡ್ ಅನ್ನು 0.59 ಚಕ್ ಕಡೆಗೆ ದೂಡಿದ. ಗೇಜ್ ಸರಿಯಾಗಿ ಕೂತಿತು. ಹೊರಗೆ ನಿಂತಿದ್ದ ಪೀಸುಗಳನ್ನೂ ಮತ್ತೆ ಹಿಡಿದು ಸರಿ ಮಾಡಿದ, ಲೋಹ ಜಾಸ್ತಿ ಇದ್ದಿದ್ದರಿಂದ ಆಯ್ತು. ರಾತ್ರಿ ಹನ್ನೊಂದೂವರೆ ತನಕ ಚೆನ್ನಾಗಿ ಓಡಿಸಿ ಮನೆಗೆ ಹೋದ. ಯಾರಿಗೂ ಹೇಳಲಿಲ್ಲ. ಆಪರೇಟರ್ ಪ್ರೋಗ್ರಾಮ್ ಮುಟ್ಟೋ ಹಾಗಿರಲಿಲ್ಲ, ಅದು ನಿಯಮ. ಹೇಳಿದ್ದರೆ ಬೈಸಿಕೊಳ್ಳುತ್ತಿದ್ದ.

ಬೆಳಿಗ್ಗೆ ಪ್ರೋಗ್ರಾಮರ್ ಬಂದ. ರಾತ್ರಿಯೆಲ್ಲ ಯೋಚಿಸಿದ್ದನಂತೆ. ಸೀದಾ ಹೋಗಿ ಆಫ್‌ಸೆಟ್ ಪುಟ ತೆರೆದ. ಆರ್ ಕಾಲಮ್ಮಿನಲ್ಲಿ ಸೊನ್ನೆ. ಹಿಂದಿನ ದಿನ ಟೂಲ್ ಕಟ್ಟಿದ ಸೆಟ್ಟರ್ ಆ ಸಾಲನ್ನೇ ಅಳಿಸಿದ್ದ. ಇವನು ಅಲ್ಲಿ 0.8 ತುಂಬಿದ, ಟಿ ಜಾಗಕ್ಕೆ 3 (ತುದಿ ಯಾವ ದಿಕ್ಕಿಗಿದೆ ಅನ್ನೋ ನಂಬರ್) ಹಾಕಿದ, ಸ್ಟಾರ್ಟ್ ಒತ್ತಿ ಚಹಾ ಕುಡಿಯೋಕೆ ಹೋದ. ಅವನು ಮಾಡಿದ್ದು ನೂರಕ್ಕೆ ನೂರು ಸರಿ. ಲಿಂಬು ಮಾಡಿದ್ದೂ ಸರಿ. ಎರಡೂ ಒಂದೇ ಜಾಬಿನ ಮೇಲೆ ಬಿದ್ದವು. ಹದಿನಾಲ್ಕು ಪೀಸ್ ಕಡಿದ ಮೇಲೆ ಕ್ವಾಲಿಟಿಯವರು ಬಂದು ಗೇಜ್ ಹಾಕಿದರು. ಈ ಸಲ ಗೇಜ್ ಅಷ್ಟೇ ದೂರ ಒಳಗೆ ಹೋಗಿತ್ತು. ಕಡಿದ ಲೋಹ ವಾಪಸ್ ಬರೋದಿಲ್ಲ. ಹದಿನಾಲ್ಕೂ ಸ್ಕ್ರ್ಯಾಪ್.

ಮೂಲೆ ಅನ್ನೋದು ಗಾಳಿಯಲ್ಲಿದೆ

ಲೇತ್ ಗೊತ್ತಿಲ್ಲದವರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಡೀ ಪ್ರಕರಣ ಇಲ್ಲೇ ಇದೆ.

ಕಡಿಯುವ ಇನ್ಸರ್ಟಿನ ತುದಿ ನೋಡೋಕೆ ಚೂಪು. ನಿಜಕ್ಕೂ ಅದು ದುಂಡಗಿರುತ್ತೆ. ಡಬ್ಬಿಯ ಮೇಲೆ ಸಿಎನ್‌ಎಂಜಿ 120408 ಅಂತ ಬರೆದಿದ್ದರೆ ಕೊನೆಯ 08 ಅಂದರೆ ಆ ದುಂಡಿನ ರೇಡಿಯಸ್ 0.8 ಮಿಲಿಮೀಟರ್. ಟೂಲ್ ಸೆಟ್ ಮಾಡುವಾಗ ನಾವು ಎರಡು ಸಲ ಮುಟ್ಟಿಸುತ್ತೇವೆ. ಒಮ್ಮೆ ಮೈಗೆ, ಒಮ್ಮೆ ಮುಖಕ್ಕೆ. ದುಂಡಿನ ಎರಡು ಬೇರೆ ಬೇರೆ ಜಾಗ ಮುಟ್ಟುತ್ತವೆ. ಮಷೀನ್ ಇವೆರಡನ್ನೂ ಸೇರಿಸಿ ಒಂದು ಮೂಲೆ ಇದೆ ಅಂದುಕೊಳ್ಳುತ್ತೆ. ಆ ಮೂಲೆಯಲ್ಲಿ ಲೋಹವೇ ಇಲ್ಲ, ಬರೀ ಗಾಳಿ. ನೇರವಾಗಿ ಕಡಿಯುವಾಗ ಇದರಿಂದ ಏನೂ ತೊಂದರೆ ಇಲ್ಲ, ಮುಟ್ಟಿಸಿದ ಜಾಗವೇ ಕಡಿಯುತ್ತೆ. ಓರೆಯಾಗಿ ಹೋಗುವಾಗ ಗಾಳಿಯ ಮೂಲೆ ಗೆರೆಯ ಮೇಲೆ ಹೋಗುತ್ತೆ, ದುಂಡು ತುದಿ ಗೆರೆಯಿಂದ ಸ್ವಲ್ಪ ದೂರ ಉಳಿಯುತ್ತೆ. ಅಷ್ಟು ಲೋಹ ಕಡಿಯದೆ ಹಾಗೇ ಇರುತ್ತೆ. ಅದಕ್ಕೇ ವ್ಯಾಸ ಸರಿ, ಉದ್ದ ಸರಿ, ಕೋನ್ ಮಾತ್ರ ತಪ್ಪು.

ಇದಕ್ಕೆ ಮದ್ದು ಜಿ42. ಪ್ರೋಗ್ರಾಮಿನಲ್ಲಿ ಅದನ್ನು ಬರೆದು, ಆರ್ ಕಾಲಮ್ಮಿನಲ್ಲಿ ರೇಡಿಯಸ್ ತುಂಬಿದರೆ ಮಷೀನೇ ಲೆಕ್ಕ ಹಾಕಿ ಸರಿಸಿಕೊಳ್ಳುತ್ತೆ. ಆರ್ ಸೊನ್ನೆ ಇದ್ದರೆ ಜಿ42 ಇದ್ದೂ ಇಲ್ಲದ ಹಾಗೆ. ಪ್ರೋಗ್ರಾಮರ್‌ಗೆ ಜಿ42 ಗೊತ್ತಿತ್ತು. ಆದರೆ ಮಷೀನಿನ ಮುಂದೆ ನಿಂತು ಅಭ್ಯಾಸ ಕಡಿಮೆ, ಆರ್ ಕಾಲಂ ನೆನಪಾಗೋಕೆ ಒಂದು ರಾತ್ರಿ ಬೇಕಾಯ್ತು. ಲಿಂಬುಗೆ ಮಷೀನ್ ಗೊತ್ತಿತ್ತು, ಆರ್ ಮುಟ್ಟಬಾರದು ಅಂತ ಕಲಿತಿದ್ದ. ಇಬ್ಬರ ಓದಿನಲ್ಲೂ ಒಂದೊಂದು ತೂತು. ಎರಡೂ ಒಂದೇ ಕಾಲಮ್ಮಿನ ಮೇಲೆ.

ವಿಚಾರಣೆ

ಮೆಮೊ ಬಂದದ್ದು ಲಿಂಬುಗೆ ಮಾತ್ರ. ಅಪ್ಪಣೆ ಇಲ್ಲದೆ ಪ್ರೋಗ್ರಾಮ್ ಬದಲಿಸಿದ್ದಕ್ಕೆ. ಆಫೀಸಿನಲ್ಲಿ ಅವನ ಫೈಲ್ ತೆರೆದು ಒಬ್ಬರು, “ಟೆಂತ್ ಫೇಲ್ ಇದ್ದಾನೆ, ಮತ್ತೇನು” ಅಂದರು. ಆ ಫೈಲಿನಲ್ಲಿ ನನ್ನದೇ ಅಕ್ಷರದಲ್ಲಿ ‘ಬೇಸಿಕ್ಸ್ ವೀಕ್’ ಅಂತಲೂ ಇತ್ತು. ವಿಚಾರಿಸಿ ವರದಿ ಕೊಡಿ ಅಂತ ನನಗೇ ಹೇಳಿದರು.

ಕ್ಯಾಂಟೀನಿನಲ್ಲಿ ಕೂರಿಸಿಕೊಂಡೆ. “0.59 ಎಲ್ಲಿಂದ ಬಂತು?” ಅಂದೆ. ಅವನು ಟಿಫಿನ್ ಚೀಲದಿಂದ ವಹಿ ತೆಗೆದ. ಎಣ್ಣೆ ಅಂಟಿ ಪುಟಗಳೆಲ್ಲ ಗಾಜಿನ ಹಾಗೆ ಆಗಿದ್ದವು. ಒಂದು ಪುಟದಲ್ಲಿ ಎರಡು ಸಾಲು ಸಂಖ್ಯೆ. 0.8ರ ಕೆಳಗೆ: 15ಕ್ಕೆ 0.69, 30ಕ್ಕೆ 0.59, 45ಕ್ಕೆ 0.47. 0.4ರ ಕೆಳಗೆ: 0.35, 0.29, 0.23.

ಇವು ಅವನು ಎರಡು ವರ್ಷದಲ್ಲಿ ಕಡಿದು, ಅಳೆದು, ಮತ್ತೆ ಕಡಿದು ಕಂಡುಕೊಂಡದ್ದು. ಯಾವ ಟೇಪರ್ ಬಂದರೂ ಎಷ್ಟು ದೂಡಿದರೆ ಸರಿಯಾಗುತ್ತೆ ಅಂತ ಬರೆದಿಟ್ಟುಕೊಂಡಿದ್ದ. 0.4ರ ಸಂಖ್ಯೆಗಳು 0.8ರದರ ಅರ್ಧ ಅನ್ನೋದನ್ನೂ ನೋಡಿದ್ದ. ಪಕ್ಕದಲ್ಲಿ ‘ಅರ್ಧಾ’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ.

ನಾನು ಕ್ಯಾಲ್ಕುಲೇಟರ್ ತೆಗೆದೆ. ಚಿತ್ರ ಬರೆದರೆ ಈ ಲೆಕ್ಕ ಬರುತ್ತೆ: ಕೋನದ ಅರ್ಧದ ಟ್ಯಾನ್ ತೆಗೆದು, ಒಂದರಿಂದ ಕಳೆದು, ರೇಡಿಯಸ್‌ನಿಂದ ಗುಣಿಸಬೇಕು. 30ರ ಅರ್ಧ 15. ಟ್ಯಾನ್ 15 ಅಂದರೆ 0.268. ಒಂದರಿಂದ ಕಳೆದರೆ 0.732. ಇಂಟು 0.8, ಉತ್ತರ 0.586. 45ಕ್ಕೆ 0.469. 15ಕ್ಕೆ 0.695. ಅವನ ವಹಿ ನೂರನೇ ಒಂದು ಭಾಗದ ತನಕ ಸರಿ ಇತ್ತು.

ಅವನು ಕ್ಯಾಲ್ಕುಲೇಟರನ್ನೇ ನೋಡುತ್ತಾ ಕೂತ. “ಇದು ನಿಮಗ ಹೆಂಗ ಗೊತ್ತಾತ್ರಿ?”

“ಇದೇ ಟ್ಯಾನ್.”

“20ಕ್ಕ ಹೇಳ್ರಿ ಹಂಗಾದ್ರ. ಅದು ನನ್ನ ಕಡೆ ಇಲ್ಲ.”

“0.66.”

ಮರುದಿನ ಊಟದ ಹೊತ್ತಿನಲ್ಲಿ ಒಂದು ತುಂಡು ಬಾರ್ ಹಿಡಿದುಕೊಂಡು ಬಂದ. ಸ್ಕ್ರ್ಯಾಪಿನಿಂದ ಎತ್ತಿ 20 ಡಿಗ್ರಿ ಕಡಿದಿದ್ದ. “ಬಂತ್ರಿ ಸರ.” ಅಷ್ಟೇ ಹೇಳಿದ. ಮತ್ತೆ ಅಪ್ಪಣೆ ಇಲ್ಲದೆ ಮಷೀನ್ ಮುಟ್ಟಿದ್ದ, ಅದನ್ನು ನಾನು ವರದಿಯಲ್ಲಿ ಬರೆಯಲಿಲ್ಲ.

ವರದಿಯಲ್ಲಿ ಏನು ಬರೆದೆ ಅಂದರೆ: ಇವನಿಗೆ ವಿಷಯ ಗೊತ್ತಿತ್ತು, ಗೊತ್ತಿದ್ದದ್ದನ್ನು ಹೇಳೋಕೆ ಬರಲಿಲ್ಲ. ಯಾವ ಭಾಷೆಯಲ್ಲಿ, ಯಾರಿಗೆ, ಯಾವ ಕಾಗದದ ಮೇಲೆ ಹೇಳಬೇಕು ಅನ್ನೋದಕ್ಕೆ ಶಾಪಿನಲ್ಲಿ ದಾರಿಯೂ ಇರಲಿಲ್ಲ. ಶಾಲೆಯಲ್ಲಿ ಕಲಿತವನಿಗೆ ಹೆಸರುಗಳು ಮೊದಲು ಸಿಗುತ್ತವೆ, ಕೆಲಸ ಆಮೇಲೆ. ಇವನಿಗೆ ಕೆಲಸ ಮೊದಲು ಸಿಕ್ಕಿತು, ಹೆಸರು ಸಿಗಲೇ ಇಲ್ಲ. ‘ನೋಸ್ ರೇಡಿಯಸ್ ಕಾಂಪೆನ್ಸೇಷನ್’ (ತುದಿಯ ದುಂಡಿಗೆ ತಕ್ಕ ತಿದ್ದುಪಡಿ) ಅನ್ನೋ ಮೂರು ಪದ ಗೊತ್ತಿದ್ದಿದ್ದರೆ, ಆ ರಾತ್ರಿ ಮಷೀನಿನ ಮೇಲೆ ಒಂದು ಚೀಟಿ ಅಂಟಿಸಬಹುದಿತ್ತು. ಹದಿನಾಲ್ಕು ಪೀಸ್ ಉಳಿಯುತ್ತಿದ್ದವು.

ಅಂದ ಹಾಗೆ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಕಿರ್ಲೋಸ್ಕರ್ ಉದ್ಯಮ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂಬೈಗೆ ಹೋದದ್ದು ಚಿತ್ರ ಕಲಿಯೋಕೆ, ಜೆ.ಜೆ. ಸ್ಕೂಲ್ ಆಫ್ ಆರ್ಟ್‌ಗೆ. ಬಣ್ಣ ಸರಿಯಾಗಿ ಕಾಣಿಸಲ್ಲ ಅಂತ ಗೊತ್ತಾಗಿ ಮೆಕ್ಯಾನಿಕಲ್ ಡ್ರಾಯಿಂಗ್ ಕಡೆ ತಿರುಗಿದರು. ಅದನ್ನೇ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಕಲಿಸಿದರು. ಬಡ್ತಿ ತಪ್ಪಿದ ಮೇಲೆ ಬಿಟ್ಟು ಬಂದು ಬೆಳಗಾವಿಯಲ್ಲಿ ಸೈಕಲ್ ಅಂಗಡಿ, ಆಮೇಲೆ ನೇಗಿಲು, 1910ರಲ್ಲಿ ಕಿರ್ಲೋಸ್ಕರವಾಡಿಯ ಕಾರ್ಖಾನೆ. ಇಂಥ ಕಥೆಯನ್ನು ಸಭೆಗಳಲ್ಲಿ ಹೇಳಿ ‘ನೋಡಿ, ಡಿಗ್ರಿ ಬೇಡ’ ಅನ್ನುತ್ತಾರೆ. ಅವರ ಕೈಯಲ್ಲಿ ಡ್ರಾಯಿಂಗ್ ಇತ್ತು ಅನ್ನೋದನ್ನು ಮರೆತುಬಿಡುತ್ತಾರೆ. ತಲೆಯಲ್ಲಿದ್ದದ್ದನ್ನು ಕಾಗದದ ಮೇಲಿಟ್ಟು ಇನ್ನೊಬ್ಬರಿಗೆ ತೋರಿಸೋಕೆ ಅವರಿಗೆ ಬರುತ್ತಿತ್ತು. ಲಿಂಬು ಬಳಿ ಇಲ್ಲದ್ದು ಅದೇ.

ಎರಡು ಬೇರೆ ಸಾಮಾನು

ಮೆಮೊ ವಾಪಸ್ ಆಯ್ತು, ಒಂದು ದಿನದ ಸಂಬಳ ಕಡಿತವಾಯ್ತು. ಈಗ ಮುಂದೇನು? ನನಗೆ ಅವನನ್ನು ಸೆಟ್ಟರ್ ಮಾಡಬೇಕಿತ್ತು. ಗ್ರೇಡ್ ಪಟ್ಟಿಯಲ್ಲಿ ಸೆಟ್ಟರ್‌ಗೆ ಕನಿಷ್ಠ ಹತ್ತನೇ ಪಾಸ್ ಅಂತ ಇತ್ತು. (ಹಾಗಾದರೆ ಆ ಮೊದಲ ಇಂಟರ್‌ವ್ಯೂಗೆ ಅವನನ್ನು ಕರೆದದ್ದು ಹೇಗೆ? ಯಾರೂ ಫಾರ್ಮ್ ಓದಿರಲಿಲ್ಲ.)

ದಾರಿಗಳು ಹಲವು ಇದ್ದವು. ಮಹಾರಾಷ್ಟ್ರದಲ್ಲಿ ‘17 ನಂಬರ್ ಫಾರ್ಮ್’ ಅಂದರೆ ಎಲ್ಲರಿಗೂ ಗೊತ್ತು, ಅದನ್ನು ತುಂಬಿ ಖಾಸಗಿಯಾಗಿ ಹತ್ತನೇ ತರಗತಿ ಪರೀಕ್ಷೆಗೆ ಕೂರಬಹುದು. ಆದರೆ ಅಲ್ಲಿ ಗಣಿತ ತಪ್ಪಲ್ಲ. ಇನ್ನೊಂದು, 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲೆ, ಈಗಿನ ಎನ್‌ಐಒಎಸ್. ಅಲ್ಲಿ ಐದು ವಿಷಯ ಆರಿಸಿಕೊಳ್ಳಬಹುದು, ಗಣಿತ ಕಡ್ಡಾಯ ಅಲ್ಲ. ಐದು ವರ್ಷದಲ್ಲಿ ಒಂಬತ್ತು ಸಲ ಪರೀಕ್ಷೆ ಬರೆಯಬಹುದು, ಪಾಸಾದ ವಿಷಯ ಹಾಗೇ ಉಳಿಯುತ್ತೆ. ಅನುಭವಕ್ಕೆ ಸರ್ಟಿಫಿಕೇಟ್ ಕೊಡುವ ಆರ್‌ಪಿಎಲ್ ಅಂತ ಸರ್ಕಾರದ ಯೋಜನೆಯೂ ಇತ್ತು. ಅದರ ಬಗ್ಗೆ ವಿಚಾರಿಸಿದರೆ ನಮ್ಮ ಆಫೀಸಿನವರು “ಒಳ್ಳೇದು, ಆದರೆ ಹತ್ತನೇ ಮಾರ್ಕ್ಸ್‌ಕಾರ್ಡ್?” ಅಂದರು.

ನಾನು ಹೇಳಿದೆ, ಎನ್‌ಐಒಎಸ್‌ಗೆ ಹಾಕು, ಗಣಿತ ತಗೋ, ನಾನು ಕಲಿಸುತ್ತೇನೆ. ಗಣಿತ ಬಿಟ್ಟರೆ ಮುಂದೆ ಐಟಿಐ ಟರ್ನರ್ ಟ್ರೇಡಿಗೆ ತೊಂದರೆ, ಅದಕ್ಕೆ ವಿಜ್ಞಾನ, ಗಣಿತ ಇರುವ ಹತ್ತನೇ ತರಗತಿಯೇ ಬೇಕು. ಅವನು ಒಂದು ವಾರ ಬಿಟ್ಟು ಬಂದ. ಆರಿಸಿಕೊಂಡಿದ್ದು ಕನ್ನಡ, ಹಿಂದಿ, ಸಮಾಜ ವಿಜ್ಞಾನ, ಬಿಸಿನೆಸ್ ಸ್ಟಡೀಸ್, ಡೇಟಾ ಎಂಟ್ರಿ. ಗಣಿತ ಇರಲಿಲ್ಲ.

“ಯಾಕೋ?”

“ಸರ, ಹಾಳಿ ಬ್ಯಾರೆ, ಕಲಿಯೂದು ಬ್ಯಾರೆ. ಹಾಳಿ ಲಗೂನ ಬೇಕು. ಟ್ಯಾನ್ ನೀವು ಹಂಗ ಕಲಸ್ರಿ, ಪರೀಕ್ಷಾ ಬ್ಯಾಡ.”

ಮೊದಲು ನನಗೆ ಸಿಟ್ಟು ಬಂತು. ಆಮೇಲೆ ಲೆಕ್ಕ ಹಾಕಿದೆ. ಅವನಿಗೆ ಆಗ ಇಪ್ಪತ್ತಾರು, ಮದುವೆ ಗೊತ್ತಾಗಿತ್ತು. ಹತ್ತನೇ ತರಗತಿಯ ಗಣಿತ ಅಂದರೆ ವರ್ಗ ಸಮೀಕರಣ, ಬಹುಪದ, ಸಂಭವನೀಯತೆ ಎಲ್ಲ ಸೇರಿ ಒಂದು ದೊಡ್ಡ ಮೂಟೆ. ಅವನ ತೂತು ಇದ್ದದ್ದು ಒಂದೇ ಜಾಗದಲ್ಲಿ, ತ್ರಿಕೋನದಲ್ಲಿ. ಒಂದು ತೂತು ಮುಚ್ಚೋಕೆ ಇಡೀ ಗೋಡೆ ಕೆಡವಿ ಕಟ್ಟು ಅಂತ ನಾನು ಹೇಳುತ್ತಿದ್ದೆ. ಓದು ಬಿಟ್ಟವರಿಗೆ ನಾವೆಲ್ಲ ಕೊಡುವ ಸಲಹೆ ಇದೇ ಅಲ್ವಾ? ಬಿಟ್ಟಲ್ಲಿಂದ ಶುರು ಮಾಡು ಅಂತ. ಅವನು ಬಿಟ್ಟಲ್ಲಿ ಇರಲಿಲ್ಲ, ಎಷ್ಟೋ ಮುಂದೆ ಬಂದಿದ್ದ. ಐಟಿಐ ಬಾಗಿಲು ಮುಚ್ಚುತ್ತೆ ಅನ್ನೋದು ನಿಜವಾದ ನಷ್ಟ. ಅದು ಅವನಿಗೂ ಗೊತ್ತಿತ್ತು. ಈಗಲೂ ನನಗೆ ಅದರ ಬಗ್ಗೆ ಪೂರ್ತಿ ಸಮಾಧಾನ ಇಲ್ಲ.

ಭೋಸರಿಯಲ್ಲಿ ವಾರದ ರಜೆ ಗುರುವಾರ. ನಾಲ್ಕು ಗುರುವಾರ ನಿಗಡಿಯ ನಮ್ಮ ಮನೆಗೆ ಬಂದ. ಪುಸ್ತಕ ತೆಗೆಯಲಿಲ್ಲ. ಇನ್ಸರ್ಟಿನ ತುದಿಯನ್ನು ನೂರು ಪಟ್ಟು ದೊಡ್ಡದಾಗಿ ಕ್ಯಾಲೆಂಡರ್ ಹಿಂದೆ ಬರೆದೆವು. 0.8 ಅಂದರೆ ಎಂಟು ಸೆಂಟಿಮೀಟರ್ ರೇಡಿಯಸ್, ಅಡುಗೆಮನೆಯ ತಟ್ಟೆ ಇಟ್ಟು ಸುತ್ತು ಎಳೆದದ್ದು. ಓರೆ ಗೆರೆ ಎಳೆದು ಸ್ಕೇಲಿನಲ್ಲಿ ಅಳೆದರೆ 5.9 ಸೆಂಟಿಮೀಟರ್ ಬಂತು. ಅವನು ನಕ್ಕ. ಅಲ್ಲಿಂದ ತ್ರಿಕೋನ, ಎದುರಿನ ಬದಿ, ಪಕ್ಕದ ಬದಿ, ಭಾಗಿಸಿದರೆ ಟ್ಯಾನ್. ಎರಡನೇ ಗುರುವಾರದ ಹೊತ್ತಿಗೆ ಫೋನಿನ ಕ್ಯಾಲ್ಕುಲೇಟರಿನಲ್ಲಿ ತಾನೇ ತೆಗೆಯುತ್ತಿದ್ದ. ಶಾಲೆಯಲ್ಲಿ ಇದೇ ಪಾಠಕ್ಕೆ ಕಂಬದ ನೆರಳು, ಗಾಳಿಪಟದ ದಾರ ಹೇಳಿದ್ದರಂತೆ. “ಕಂಬದ ಎತ್ತರ ನನಗ ಯಾಕ ಬೇಕಿತ್ರಿ?” ಅಂದ. ಸೂತ್ರವನ್ನು ತಿರುಗಿಸಿ ಬರೆಯೋದು ಮಾತ್ರ ಅವನಿಗೆ ಕೊನೆಗೂ ಬರಲಿಲ್ಲ. ಮೂರು ರೀತಿಗೆ ಮೂರು ಸೂತ್ರ ಬೇರೆ ಬೇರೆ ಬರೆದಿಟ್ಟುಕೊಂಡ. ಸರಿ, ಅಷ್ಟೇ ಸಾಕು ಅಂದೆ.

ಚೀಟಿ ಬರೆಯೋದು ಟ್ಯಾನ್‌ಗಿಂತ ಕಷ್ಟವಾಯ್ತು. ಪ್ರೋಗ್ರಾಮ್ ಬದಲಿಸಿದರೆ ಒಂದು ಸ್ಲಿಪ್ ತುಂಬಬೇಕು ಅಂತ ಹೊಸ ನಿಯಮ ಮಾಡಿದೆ. ಏನು ಬದಲಿಸಿದೆ, ಎಷ್ಟು, ಯಾಕೆ. ಕನ್ನಡದಲ್ಲಿ ಬರೆದರೆ ಮುಂದಿನ ಶಿಫ್ಟಿನ ಮರಾಠಿ ಹುಡುಗನಿಗೆ ಓದೋಕೆ ಬರಲ್ಲ. ಇಂಗ್ಲಿಷ್ ಇವನಿಗೆ ಬರಲ್ಲ. ಶಾಲೆಯ ಹಿಂದಿಯ ಅಕ್ಷರದಲ್ಲಿ ಮುರುಕು ಮರಾಠಿ ಬರೆಯೋಕೆ ಶುರು ಮಾಡಿದ. ‘ಯಾಕೆ’ ಅನ್ನೋ ಜಾಗ ಬಹಳ ದಿನ ಖಾಲಿ ಇರುತ್ತಿತ್ತು. ಒಮ್ಮೆ ಅಲ್ಲಿ ‘ಬರೋಬರ್ ನವ್ಹತಾ’ ಅಂತ ಮಾತ್ರ ಬರೆದಿದ್ದ, ಸರಿ ಇರಲಿಲ್ಲ ಅಂತ. ಆರು ತಿಂಗಳ ಮೇಲೆ ಒಂದು ಸ್ಲಿಪ್ಪಿನಲ್ಲಿ ‘ಆರ್ 0 ಇತ್ತು, 0.8 ಹಾಕಿದೆ, ಪ್ರೋಗ್ರಾಮ್ ಮುಟ್ಟಿಲ್ಲ’ ಅಂತ ಓದಿದ ದಿನ ನಾನು ಅದನ್ನು ಹರಿದು ಜೇಬಿನಲ್ಲಿಟ್ಟುಕೊಂಡೆ.

ಪ್ರೋಗ್ರಾಮರ್ ಹುಡುಗನನ್ನು ಒಂದು ತಿಂಗಳು ಸೆಕೆಂಡ್ ಶಿಫ್ಟಿಗೆ ಹಾಕಿದೆ, ಲಿಂಬು ಜೊತೆ. ಮೊದಲ ವಾರ ನನ್ನ ಜೊತೆ ಮಾತು ಬಿಟ್ಟಿದ್ದ. ತಿಂಗಳ ಕೊನೆಗೆ ಅವನ ಡೈರಿಯಲ್ಲೂ ಜಿ02 ತಗ್ಗು, ಜಿ03 ಉಬ್ಬು ಅಂತ ಇತ್ತು, ಮರಾಠಿಯಲ್ಲಿ.

ಆಮೇಲೆ

ಸಮಾಜ ವಿಜ್ಞಾನದಲ್ಲಿ ಒಮ್ಮೆ ಹೋಯ್ತು, ಎರಡನೇ ಸಲ ಬಂತು. ಮಾರ್ಕ್ಸ್‌ಕಾರ್ಡ್ ಬಂದ ತಿಂಗಳೇ ಸೆಟ್ಟರ್ ಆದ. ಪ್ರೋಗ್ರಾಮರ್ ಆಗಲಿಲ್ಲ, ಅದಕ್ಕೆ ಡಿಪ್ಲೊಮಾ ಬೇಕು ಅನ್ನೋ ಸಾಲನ್ನು ಅಳಿಸೋಕೆ ನನಗೆ ಆಗಲಿಲ್ಲ. ನಿಜಕ್ಕೂ ಆ ಹೊತ್ತಿಗೆ ಅರ್ಧ ಪ್ರೋಗ್ರಾಮುಗಳನ್ನು ಅವನೇ ಬರೆಯುತ್ತಿದ್ದ, ಸಂಬಳ ಮಾತ್ರ ಸೆಟ್ಟರ್‌ದು. ಎರಡು ವರ್ಷ ನೋಡಿ ಬೇರೆ ಕಡೆ ಹುಡುಕೋಕೆ ಶುರು ಮಾಡಿದ. ನಾನೇ ಹುಡುಕು ಅಂದೆ.

ಚಾಕಣದ ಒಂದು ಕಂಪನಿಯ ಇಂಟರ್‌ವ್ಯೂ ಮುಗಿಸಿ ಬಸ್‌ಸ್ಟಾಪಿನಿಂದ ಫೋನ್ ಮಾಡಿದ.

“ಸರ, ನೀವು ಕೇಳಿದಂಗ ಕಾಗದದ ಮ್ಯಾಲೆ ಟೇಪರ್ ಕೊಟ್ರು. ಕೋನ ಎಷ್ಟಂತ.”

“ಹೇಳಿದೆಯಾ?”

“ಹೇಳಿದ್ನಿರಿ. ಆಮ್ಯಾಲ ನಾನೂ ಒಂದು ಕೇಳಿದ್ನಿ. ನಿಮ್ಮಲ್ಲಿ ಆರ್ ಕಾಲಂ ಯಾರು ತುಂಬತಾರ, ಸೆಟ್ಟರೋ ಪ್ರೋಗ್ರಾಮರೋ ಅಂತ.”

“ಏನಂದ್ರು?”

“ಒಬ್ಬಾವ ಸೆಟ್ಟರ್ ಅಂದ. ಇನ್ನೊಬ್ಬಾವ ಪ್ರೋಗ್ರಾಮರ್ ಅಂದ. ಇಬ್ಬರೂ ಒಬ್ಬರ ಮಖಾ ಒಬ್ಬರು ನೋಡಿದ್ರಿ.”

“ಕೆಲಸ ಕೊಟ್ರಾ?”

“ಸೋಮವಾರ ಹೇಳ್ತಾರಂತ್ರಿ. ಬಸ್ ಬಂತು, ಇಡ್ತೀನ್ರಿ.”